ಮಂಗಳವಾರ ಮತ್ತು ಬುಧವಾರದ ನಡುವೆ

ಅಲ್ ಹಿಲಾಲ್, ದೋಹಾ
14 ಅಕ್ಟೋಬರ್ 1994

ಅಮ್ಮ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ಆರೋಗ್ಯವಾಗಿದ್ದೇನೆ, ಸೆಖೆ ಸ್ವಲ್ಪ ಇಳಿದಿದೆ. ಉತ್ತರ ತಡವಾದದ್ದಕ್ಕೆ ಕಾರಣ ಒಂದು ಟೈಪಿಂಗ್ ಕೆಲಸ. ಅದರ ವಿಷಯ ನಿನಗೆ ಹೇಳಬೇಕೆನ್ನಿಸಿತು.

ಬೇಸಿಗೆಯಲ್ಲಿ ನಮ್ಮ ಅನುವಾದದ ಆಫೀಸಿಗೆ ಜರ್ಟ್ರೂಡ್ ಎಂಬ ಡಚ್ ಹೆಂಗಸು ಬಂದಿದ್ದರು. ಅರವತ್ತೊಂದು ವರ್ಷ. ಮಗ ಪೀಟರ್ ಮೆಸಯೀದಿನ ಕಾರ್ಖಾನೆಯಲ್ಲಿ ಎಂಜಿನಿಯರ್. ತಾಯಿ ಮಗ ಇಬ್ಬರೂ ಮದೀನತ್ ಖಲೀಫಾದ ಒಂದು ವಿಲ್ಲಾದಲ್ಲಿದ್ದಾರೆ. ಆಕೆಗೆ ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾಗಿದೆ, ಸದ್ಯ ವಿಮಾನ ಹತ್ತುವಂತಿಲ್ಲ. ಬೆರಳುಗಳು ಪೆನ್ನು ಹಿಡಿಯುವುದಿಲ್ಲ. ಜರ್ಮನಿಯ ಒಂದು ಕೋರ್ಟಿಗೆ ತಾನು ಕೊಡಬೇಕಾದ ಹೇಳಿಕೆಯನ್ನು ಇಂಗ್ಲಿಷಿನಲ್ಲಿ ಬರೆದುಕೊಳ್ಳುವವರು ಬೇಕು ಎಂದರು.

"ನಿಮ್ಮ ಮಗ ಬರೆದುಕೊಡುವುದಿಲ್ಲವೇ?" ಎಂದು ಕೇಳಿದೆ.

"ಅವನು ಬರೆದರೆ ಅರ್ಧ ಪುಟಕ್ಕೆ ಮುಗಿಸುತ್ತಾನೆ," ಎಂದರು.

ಗುರುವಾರದ ಮಧ್ಯಾಹ್ನಗಳಲ್ಲಿ ಅವರ ಮನೆಗೆ ಹೋಗಿ ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಂಡೆ. ವಿಷಯ ಇಷ್ಟು. ಯುದ್ಧದ ಕಾಲದಲ್ಲಿ ಜರ್ಮನರು ಹಾಲೆಂಡನ್ನು ಹಿಡಿದಿದ್ದಾಗ ಜರ್ಟ್ರೂಡರ ಅಣ್ಣ ಬೌಕೆ, ಇಪ್ಪತ್ತೆರಡು ವರ್ಷದವನು, ಅಡಗಿಕೊಂಡಿದ್ದವರಿಗೆ ರೇಷನ್ ಚೀಟಿಗಳನ್ನು ಸೈಕಲ್ಲಿನಲ್ಲಿ ಮುಟ್ಟಿಸುತ್ತಿದ್ದ. ಹೊಲದ ಕೊಟ್ಟಿಗೆಯಲ್ಲಿ ಇಬ್ಬರನ್ನು ಬಚ್ಚಿಟ್ಟೂ ಇದ್ದ. 1944ರ ನವೆಂಬರಿನಲ್ಲಿ ಬೆಳಗಿನ ಜಾವ ಒಂದು ಲಾರಿ ಬಂತು. ಅದರಿಂದ ಇಳಿದವರಲ್ಲಿ ಒಬ್ಬ ಅದೇ ಊರಿನವನು, ಇವರ ಮನೆಯಿಂದ ಹಾಲು ಒಯ್ಯುತ್ತಿದ್ದವನು, ಜರ್ಮನರ ಕಡೆ ಸೇರಿಕೊಂಡವನು. ಬೌಕೆಯನ್ನು ಅಂಗಳಕ್ಕೆ ಎಳೆದು ತಂದರು. ಅವನು ಬರಿಗಾಲಲ್ಲಿದ್ದ. ಬಾಗಿಲ ಬಳಿ ಬಿಟ್ಟಿದ್ದ ಮರದ ಜೋಡುಗಳನ್ನು ಹಾಕಿಕೊಳ್ಳಲು ಬಗ್ಗಿದ. ಹಾಲಿನವನು ಹಿಂದಿನಿಂದ ಗುಂಡು ಹೊಡೆದ. ಓಡಿಹೋಗಲು ನೋಡಿದ್ದಕ್ಕೆ ಹೊಡೆದೆವು ಎಂದು ವರದಿ ಬರೆದರು. ಹನ್ನೊಂದು ವರ್ಷದ ಜರ್ಟ್ರೂಡ್ ಅಟ್ಟದ ಕಿಟಕಿಯಲ್ಲಿ ನಿಂತಿದ್ದಳು. ಲಾರಿಯ ದೀಪ ಹೊಡೆದವನ ಮುಖದ ಮೇಲೇ ಇತ್ತು.

ಯುದ್ಧ ಮುಗಿದ ಮೇಲೆ ಆ ಹಾಲಿನವನು ಗಡಿ ದಾಟಿ ಜರ್ಮನಿಯ ಪ್ರಜೆಯಾದ. ಜರ್ಮನರು ತಮ್ಮ ಪ್ರಜೆಯನ್ನು ಹಾಲೆಂಡಿಗೆ ಒಪ್ಪಿಸಲಿಲ್ಲ. ಸ್ವಂತ ಹೆಸರಿನಲ್ಲೇ ಬದುಕಿದ್ದಾನೆ, ಟೆಲಿಫೋನ್ ಪುಸ್ತಕದಲ್ಲಿ ಹೆಸರಿದೆಯಂತೆ. ಈಗ ಅಲ್ಲಿಯೇ ಒಬ್ಬ ಹೊಸ ಸರ್ಕಾರಿ ವಕೀಲ ಕಡತ ತೆಗೆದಿದ್ದಾನೆ. ಕಣ್ಣಾರೆ ಕಂಡವರಲ್ಲಿ ಬದುಕಿರುವುದು ಜರ್ಟ್ರೂಡ್ ಒಬ್ಬರೇ.

ನಿನ್ನೆ ಹೇಳಿಕೆಯನ್ನು ಟೈಪ್ ಮಾಡಿ ಕೊಟ್ಟೆ. ಓದಿ ಸಹಿ ಮಾಡಿ ಎಂದೆ. "ಹೇಳಿದ್ದೇ ಸಾಕು, ಮತ್ತೆ ಓದಲಾರೆ," ಎಂದು ಸಹಿ ಹಾಕಿದರು. ಹಾಗೇ ಅಂಚೆಗೆ ಹೋಯಿತು.

ಸಂತೋಷನಿಗೂ ಮಕ್ಕಳಿಗೂ ನೆನಪು ಹೇಳು.

ನಿನ್ನ
ಜಾಹ್ನವಿ


ಸರಸ್ವತಿಪುರಂ, ಮೈಸೂರು
2 ನವೆಂಬರ್ 1994

ಜಾಹ್ನವಿ,

ಕಾಗದ ತಲುಪಿತು. ಎರಡು ಸಲ ಓದಿದೆ. ನಂತರ ಸಂತೋಷನಿಗೆ ಗಟ್ಟಿಯಾಗಿ ಓದಿದೆ. ಅವನು ಎಂದಿನಂತೆ ಪೇಪರಿನ ಹಿಂದಿನಿಂದಲೇ, "ಎಪ್ಪತ್ತು ದಾಟಿದ ಮುದುಕನನ್ನ ಜೈಲಿಗೆ ಹಾಕಿ ಏನಮ್ಮ ಸಿಗತ್ತೆ?" ಅಂದ.

"ಮುದುಕನಾಗೋಕೆ ಅವನಿಗೆ ಸಿಕ್ಕಿತಲ್ಲಪ್ಪ. ಆ ಹುಡುಗನಿಗೆ ಸಿಗಲಿಲ್ಲ," ಅಂದೆ. ಪೇಪರ್ ಮಡಚಿಟ್ಟು ಸ್ನಾನಕ್ಕೆ ಹೋದ.

ಟ್ಯೂಷನ್ನಿಗೆ ಬರುವ ಹುಡುಗಿಯರಿಗೂ ಹೇಳಿದೆ. ತಡವಾಗಿ ಕೊಟ್ಟ ಉತ್ತರ ಪತ್ರಿಕೆಗೆ ನೀವು ಅಂಕ ಕೊಡಲ್ಲ ಟೀಚರ್, ಕೋರ್ಟ್ ಯಾಕೆ ಕೊಡತ್ತೆ ಎಂದು ಒಬ್ಬಳು ಕೇಳಿದಳು. ಚುರುಕು ಹುಡುಗಿ. ಪತ್ರಿಕೆಯನ್ನು ಬಚ್ಚಿಟ್ಟವನು ಬೇರೆ, ಬರೆದವಳು ಬೇರೆ ಎಂದೆ.

ನಿನ್ನ ಕಾಗದದಲ್ಲಿ ಒಂದು ವಾಕ್ಯ ನನಗೆ ಸರಿಬೀಳಲಿಲ್ಲ. ಆಕೆ ಓದದೆ ಸಹಿ ಹಾಕಿದ್ದು. ನೀನು ಓದಿ ಹೇಳಬಹುದಿತ್ತು. ಮೂವತ್ತು ವರ್ಷ ಲೆಕ್ಕ ತಿದ್ದಿದವಳ ಚಾಳಿ ಅಂದುಕೋ.

ಅಲ್ಲಿ ತಿನ್ನುವುದಕ್ಕೆ ಏನು ಮಾಡಿಕೊಳ್ಳುತ್ತೀ ಎಂದು ಬರೆಯುವುದೇ ಇಲ್ಲ.

ಅಮ್ಮ


ಅಲ್ ಹಿಲಾಲ್, ದೋಹಾ
9 ಜನವರಿ 1995

ಅಮ್ಮ,

ನೀನು ಹೇಳಿದ್ದು ನಿಜವಾಯಿತು. ಹೇಳಿಕೆಯಲ್ಲಿ ತಪ್ಪಿದೆ. ತಪ್ಪು ನನ್ನದು.

ಹೋದ ವಾರ ಸರ್ಕಾರಿ ವಕೀಲ ಜರ್ಟ್ರೂಡರಿಗೆ ಫೋನ್ ಮಾಡಿದ್ದ. ಆರೋಪಿಯ ವಕೀಲರು ಹಳೆಯ ಸೈನ್ಯದ ದಾಖಲೆಯೊಂದನ್ನು ಮುಂದಿಟ್ಟಿದ್ದಾರೆ. ಹದಿನಾಲ್ಕನೇ ತಾರೀಖು ಮಂಗಳವಾರ ಬೆಳಗಿನ ಜಾವ ಅವನು ಬೇರೆ ಊರಿನ ಸೇತುವೆಯ ಮೇಲೆ ಪಹರೆಯಲ್ಲಿದ್ದ. ಮಧ್ಯಾಹ್ನದವರೆಗೂ ಅಲ್ಲೇ ಇದ್ದ. ದಾಖಲೆ ಸುಳ್ಳಲ್ಲವಂತೆ. ಹೇಳಿಕೆಯಲ್ಲಿ "ಮಂಗಳವಾರ, 14 ನವೆಂಬರ್, ಬೆಳಗಿನ ಜಾವ ನಾಲ್ಕೂವರೆ" ಎಂದಿದೆ. ದಿನವನ್ನೇ ಸರಿಯಾಗಿ ಹೇಳದ ಹುಡುಗಿ ಮುಖವನ್ನು ಹೇಗೆ ಸರಿಯಾಗಿ ಹೇಳುತ್ತಾಳೆ ಎಂಬುದು ಅವರ ವಾದ.

ನಾನು ಹೋದಾಗ ಜರ್ಟ್ರೂಡ್ ಕುರ್ಚಿಯಲ್ಲಿ ನೆಟ್ಟಗೆ ಕುಳಿತಿದ್ದರು. "ನಾನು ಮಂಗಳವಾರ ಎಂದೆನೇ?" ಎಂದು ಕೇಳಿದರು.

ಅವರು ಹಾಗೆ ಹೇಳಿರಲಿಲ್ಲ. ಎರಡು ಬೆರಳುಗಳನ್ನು ಜೋಡಿಸಿ, ಮಂಗಳವಾರಕ್ಕೂ ಬುಧವಾರಕ್ಕೂ ನಡುವಿನ ರಾತ್ರಿ, ಬೆಳಗಾಗುವ ಮುಂಚೆ ನಾಲ್ಕೂವರೆಗೆ ಎಂದಿದ್ದರು. ಅದು ನನಗೆ ಚೆನ್ನಾಗಿ ನೆನಪಿದೆ. ಗಡಿಯಾರದ ಲೆಕ್ಕದಲ್ಲಿ ಅದು ಬುಧವಾರ, ಹದಿನೈದು. ಟೈಪ್ ಮಾಡುವಾಗ ನಾನು ಮಂಗಳವಾರ, ಹದಿನಾಲ್ಕು ಎಂದು ಹಾಕಿದೆ. ಯೋಚಿಸಿ ಹಾಕಿದ್ದಲ್ಲ. ಸೂರ್ಯ ಹುಟ್ಟುವವರೆಗೂ ನಮ್ಮ ಮನೆಯಲ್ಲಿ ಹಿಂದಿನ ದಿನವೇ. ಆಫೀಸಿನಲ್ಲಿ ರಾತ್ರಿ ಎರಡು ಗಂಟೆಯ ವಿಮಾನದ ತಾರೀಖನ್ನು ನಾನು ಒಮ್ಮೆಯೂ ತಪ್ಪಿಲ್ಲ. ಆದರೆ ಸಾವಿನ ದಿನವನ್ನು ನಾನು ಯಾವತ್ತೂ ಗಡಿಯಾರದಿಂದ ಎಣಿಸಿದವಳಲ್ಲ. ಅದು ಮನೆಯ ಲೆಕ್ಕದಲ್ಲೇ ಬೆರಳಿಗೆ ಬಂತು.

ಶಾರ್ಟ್‌ಹ್ಯಾಂಡಿನ ಹಾಳೆಗಳಿಲ್ಲ. ಕೆಲಸ ಮುಗಿದ ಕೂಡಲೇ ಹರಿದು ಹಾಕುವುದು ಆಫೀಸಿನ ಪದ್ಧತಿ.

ನನ್ನ ತಪ್ಪು ಎಂದು ಅವರ ಮುಂದೆ ಹೇಳಿದೆ. ಜರ್ಟ್ರೂಡ್ ಸಿಟ್ಟಾಗಲಿಲ್ಲ. ಪೀಟರ್ ಸಿಟ್ಟಾದ. "ಈಗ ತಾರೀಖು ಬದಲಾಯಿಸಿದರೆ ದಾಖಲೆ ನೋಡಿ ಬದಲಾಯಿಸಿದರು ಎನ್ನುತ್ತಾರೆ. ಅಮ್ಮನನ್ನು ಕೋರ್ಟಿನಲ್ಲಿ ಸುಳ್ಳಿ ಎನ್ನುವುದನ್ನು ನಾನು ಕೇಳಬೇಕೇ? ಹಿಂದಕ್ಕೆ ತೆಗೆದುಕೊಳ್ಳಲಿ, ಸಾಕು," ಎಂದ.

"ನೀನು ಕೇಳಬೇಕಾಗಿಲ್ಲ. ಹೊರಗೆ ಕೂತಿರು," ಎಂದರು ತಾಯಿ.

ತಪ್ಪು ನನ್ನದು, ಕಾರಣ ಇಂಥದ್ದು ಎಂದು ವಕೀಲನಿಗೆ ಬರೆದಿದ್ದೇನೆ. ಅಂಥ ಲೆಕ್ಕ ಇದೆ ಎನ್ನುವುದಕ್ಕೆ ಆಧಾರ ಬೇಕು, ಈ ಮೊಕದ್ದಮೆಗೆ ಬಹಳ ಮುಂಚಿನದಾಗಿರಬೇಕು, ನಾನೇ ಬಂದು ಹೇಳಬೇಕು ಎಂದು ಅವನ ಉತ್ತರ ಬಂತು. ವಿಚಾರಣೆ ಮಾರ್ಚ್ ಮೊದಲ ವಾರ ಶುರು. ಆ ಹೊತ್ತಿಗೆ ಜರ್ಟ್ರೂಡರಿಗೂ ಪ್ರಯಾಣಕ್ಕೆ ಡಾಕ್ಟರ ಒಪ್ಪಿಗೆ ಸಿಗುತ್ತದೆ.

ಈ ದೇಶ ಬಿಟ್ಟು ಹೊರಡಬೇಕಾದರೆ ಮಾಲೀಕರು ಪರವಾನಗಿಗೆ ಸಹಿ ಹಾಕಬೇಕು. ಅದು ನಿನಗೆ ಗೊತ್ತಿದೆ.

ಜಾಹ್ನವಿ


ಸರಸ್ವತಿಪುರಂ, ಮೈಸೂರು
20 ಜನವರಿ 1995

ಜಾಹ್ನವಿ,

ಆಧಾರ ಇದರ ಜೊತೆ ಇದೆ. ರಿಜಿಸ್ಟರ್ಡ್ ಅಂಚೆ, ಸಹಿ ಹಾಕಿ ತೆಗೆದುಕೋ.

ಒಂದು, ನಿನ್ನ ಜಾತಕ. ನೀನು ಹುಟ್ಟಿದ ತಿಂಗಳಲ್ಲೇ ಬರೆಸಿದ್ದು. ಬುಧವಾರ, ಸೂರ್ಯೋದಯದಿಂದ ಐವತ್ತೈದು ಘಟಿ ಕಳೆದ ಮೇಲೆ ಜನನ ಎಂದಿದೆ. ಘಟಿಗೆ ಇಪ್ಪತ್ತನಾಲ್ಕು ನಿಮಿಷ. ಐವತ್ತೈದಕ್ಕೆ ಇಪ್ಪತ್ತೆರಡು ಗಂಟೆ. ಬುಧವಾರ ಬೆಳಿಗ್ಗೆ ಆರರಿಂದ ಎಣಿಸು, ನಾಲ್ಕು ಗಂಟೆಗೆ ಬರುತ್ತೀ. ಎರಡು, ನಗರಸಭೆಯ ಜನನ ಪತ್ರ. ಅದೇ ಹೆರಿಗೆ, ಅದೇ ನಾಲ್ಕು ಗಂಟೆ. ಗುರುವಾರ, 7 ಆಗಸ್ಟ್ 1952. ಒಂದೇ ಮಗು, ಎರಡು ವಾರ. ಎರಡೂ ಸರಿ. ಇದಕ್ಕಿಂತ ಸುಲಭವಾದ ಲೆಕ್ಕವನ್ನು ನಾನು ಏಳನೇ ಕ್ಲಾಸಿಗೂ ಕೊಟ್ಟಿಲ್ಲ.

ಜಾತಕವನ್ನು ಪರದೇಶಕ್ಕೆ ಕಳಿಸಬಾರದು, ಅದೂ ಕೊಲೆಯ ಕೋರ್ಟಿಗೆ, ಎಂದು ಪಕ್ಕದ ಮನೆಯವರು ಬಂದು ಹೇಳಿದರು. ಮದುವೆಗೆ ಹದಿನೇಳು ಮನೆ ಸುತ್ತಿ ಬಂದ ಜಾತಕ, ಇನ್ನೊಂದು ಮನೆ ನೋಡಲಿ ಬಿಡಿ ಎಂದೆ. ನೀನು ನಗುತ್ತೀ ಎಂದು ಗೊತ್ತು.

ಪರವಾನಗಿಯ ವಿಷಯ. ನಿನ್ನ ಅಪ್ಪ ಹೋದಾಗ ನೀನು ಅದಕ್ಕಾಗಿ ಕಾದೆ. ಹನ್ನೊಂದನೇ ದಿನಕ್ಕೆ ಬಂತು. ನಾನು ಆಗಲೂ ಏನೂ ಕೇಳಲಿಲ್ಲ, ಈಗಲೂ ಕೇಳುತ್ತಿಲ್ಲ.

ಈ ಸಲ ಕಾಯಬೇಡ.

ಅಮ್ಮ


ಅಲ್ ಹಿಲಾಲ್, ದೋಹಾ
17 ಫೆಬ್ರವರಿ 1995

ಅಮ್ಮ,

ರಿಜಿಸ್ಟರ್ಡ್ ಲಕೋಟೆ ಸಿಕ್ಕಿತು. ನಕ್ಕೆ.

ಇಲ್ಲಿ ರಮಜಾನ್. ಆಫೀಸು ಮಧ್ಯಾಹ್ನಕ್ಕೇ ಮುಚ್ಚುತ್ತದೆ, ಎಲ್ಲರೂ ಮೆತ್ತಗೆ ಮಾತಾಡುತ್ತಾರೆ. ನಮ್ಮ ಕಾಗದಗಳನ್ನು ಸರ್ಕಾರಿ ಕಚೇರಿಗಳಿಗೆ ಒಯ್ದು ಮಾಡಿಸಿಕೊಂಡು ಬರುವವರು ಉಳ್ಳಾಲದ ಮೊಯ್ದಿನ್ ಕುಂಞಿ. ಪರವಾನಗಿಯ ಅರ್ಜಿಯನ್ನು ಅವರಿಗೆ ಕೊಟ್ಟೆ. ಓದಿ ತಲೆಯಾಡಿಸಿದರು.

"ಈದ್ ಕಳಿಯಲಿ ಮೇಡಂ. ಈಗ ಕೇಳಿದ್ರೆ ಮಾಫಿ, ಇಲ್ಲ ಅಂತಾರೆ, ಮತ್ತೆ ಆ ಮಾಫಿಯನ್ನು ಹೌದು ಮಾಡ್ಲಿಕ್ಕೆ ನಾನು ಎರಡು ತಿಂಗಳು ನಡೀಬೇಕು."

"ಈದ್ ಕಳೆದರೆ ಕೋರ್ಟೂ ಕಳೆಯುತ್ತದೆ ಕುಂಞಿಯವರೇ."

ಯಾವ ಕೋರ್ಟು ಎಂದು ಕೇಳಿದರು. ಹೇಳಿದೆ. ಬಾಗಿಲಲ್ಲೇ ನಿಂತು ಪೂರ್ತಿ ಕೇಳಿಸಿಕೊಂಡರು.

"ಇದರಲ್ಲಿ ನಿಮ್ಮದು ಎಂತ ತಪ್ಪು ಮಾರಾಯ್ರೆ? ನಿಮ್ಮ ದಿನ ಸೂರ್ಯ ಹುಟ್ಟಿದ ಮೇಲೆ. ನಮ್ಮದು ಸೂರ್ಯ ಮುಳುಗಿ ಮಗ್ರಿಬ್ ಆದ ಮೇಲೆ. ಎರಡೂ ಆಕಾಶ ನೋಡಿದ್ರೆ ಗೊತ್ತಾಗ್ತದೆ. ಅವರದ್ದು ಮಾತ್ರ ನಡುರಾತ್ರಿ, ಎಲ್ಲರೂ ಮಲಗಿದ ಮೇಲೆ ಕಳ್ಳನ ಹಾಗೆ ಬದಲಾಗುವುದು. ತಪ್ಪು ಯಾರದ್ದು?"

"ಇದನ್ನೇ ಅಲ್ಲಿ ಹೇಳಲೇ?"

"ನನ್ನ ಹೆಸರು ಹೇಳ್ಬೇಡಿ."

ಮಾಲೀಕ ಅಬು ನಾಸರ್ ಮೊದಲು ಇಲ್ಲ ಎಂದರು. ಈದ್ ಮುಗಿದ ಕೂಡಲೇ ದೊಡ್ಡ ಟೆಂಡರಿನ ಅನುವಾದವಿದೆ, ನಾನಿಲ್ಲದೆ ಆಗುವುದಿಲ್ಲ. ನಾನು ಮನೆಯಲ್ಲೇ ಟೈಪ್ ಮಾಡಿ ತಂದಿದ್ದ ಇನ್ನೊಂದು ಕಾಗದವನ್ನು ಮೇಜಿನ ಮೇಲಿಟ್ಟೆ. ರಾಜೀನಾಮೆ. "ಎರಡರಲ್ಲಿ ಯಾವುದಕ್ಕೆ ಬೇಕಾದರೂ ಸಹಿ ಹಾಕಿ," ಎಂದೆ. ಕೆಲಸ ಹೋದರೆ ಈ ದೇಶದ ವಾಸವೂ ಹೋಗುತ್ತದೆ. ಅದನ್ನು ಯೋಚಿಸಿಯೇ ಟೈಪ್ ಮಾಡಿದ್ದೆ.

ಅವರು ಎರಡನ್ನೂ ಓದಿದರು. ಕಾರಣ ಕೇಳಿದರು. ದಿನದ ಲೆಕ್ಕ ಹೇಳುವಾಗ ಅರ್ಧದಲ್ಲೇ ಕೈ ಎತ್ತಿದರು. "ಗೊತ್ತಾಯಿತು. ನಾನು ಹುಟ್ಟಿದ್ದು ಶುಕ್ರವಾರದ ರಾತ್ರಿ ಎಂದು ನನ್ನ ತಾಯಿ ಹೇಳುತ್ತಾರೆ. ಆಸ್ಪತ್ರೆಯವರು ಗುರುವಾರ ಎನ್ನುತ್ತಾರೆ. ನಾನು ತಾಯಿಯನ್ನು ನಂಬುತ್ತೇನೆ."

ಪರವಾನಗಿಗೆ ಸಹಿ ಹಾಕಿದರು. ನಂತರ ರಾಜೀನಾಮೆಯ ಹಾಳೆಯನ್ನು ನನ್ನ ಕಡೆ ತಳ್ಳಿ ಕೇಳಿದರು: "ನಿನ್ನ ತಂದೆ ತೀರಿಕೊಂಡಾಗ ನಾನು ಲಂಡನ್ನಿನಲ್ಲಿದ್ದೆ. ನಿನ್ನ ಅರ್ಜಿ ಮೇಜಿನ ಮೇಲೆ ಬಿದ್ದಿತ್ತು. ಆಗ ಯಾಕೆ ಇಂಥದ್ದೊಂದನ್ನು ಬರೆದು ನನಗೆ ಫ್ಯಾಕ್ಸ್ ಮಾಡಲಿಲ್ಲ?"

ರಾಜೀನಾಮೆಯ ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ.

ಮಾರ್ಚ್ ನಾಲ್ಕಕ್ಕೆ ಹೊರಡುತ್ತೇವೆ. ಜರ್ಟ್ರೂಡ್, ಪೀಟರ್, ನಾನು.

ಜಾಹ್ನವಿ


ಸರಸ್ವತಿಪುರಂ, ಮೈಸೂರು
25 ಫೆಬ್ರವರಿ 1995

ಜಾಹ್ನವಿ,

ಈ ಕಾಗದ ನೀನು ಹೊರಡುವ ಮುಂಚೆ ಸಿಗುತ್ತದೋ ಇಲ್ಲವೋ. ಉಣ್ಣೆಯ ಕಾಲುಚೀಲ ತೆಗೆದುಕೋ.

ಕೋರ್ಟಿನಲ್ಲಿ ಕೇಳಿದ್ದಕ್ಕಷ್ಟೇ ಹೇಳು. ಚಿಕ್ಕಂದಿನಲ್ಲಿ ನೀನು ಸರಿ ಉತ್ತರ ಬರೆದು, ಆಮೇಲೆ ಅನುಮಾನ ಬಂದು ಹೊಡೆದು ಹಾಕುತ್ತಿದ್ದೆ. ಹಾಗೆ ಮಾಡಬೇಡ.

ನಿನ್ನ ಮಾಲೀಕರು ಕೇಳಿದ ಪ್ರಶ್ನೆಗೆ ನನಗೂ ಉತ್ತರ ಬೇಕಾಗಿಲ್ಲ. ಅವರು ಕೇಳಿದರಲ್ಲ, ಅದು ಒಳ್ಳೆಯದಾಯಿತು.

ಅಮ್ಮ


ಜರ್ಮನಿ
9 ಮಾರ್ಚ್ 1995

ಅಮ್ಮ,

ಹೋಟೆಲಿನ ಹಾಳೆಯ ಮೇಲೆ ಬರೆಯುತ್ತಿದ್ದೇನೆ. ಕಾಲುಚೀಲ ತಂದದ್ದು ಒಳ್ಳೆಯದಾಯಿತು. ನಿನ್ನ ಕಾಗದ ಹೊರಡುವ ದಿನ ಸಿಕ್ಕಿತು.

ನಿನ್ನೆ ನನ್ನ ಸಾಕ್ಷ್ಯ ಮುಗಿಯಿತು. ಕೋರ್ಟು ಒಂದು ಶಾಲೆಯಂತಿದೆ, ಬೆಂಚುಗಳೂ ಹಾಗೆಯೇ. ಆರೋಪಿಯನ್ನು ನೋಡಿದೆ. ಬಿಳಿ ಕೂದಲನ್ನು ಒಪ್ಪವಾಗಿ ಬಾಚಿಕೊಂಡು, ಕಿವಿಗೆ ಯಂತ್ರ ಹಾಕಿಕೊಂಡಿದ್ದಾನೆ. ಬಸ್ಸಿನಲ್ಲಿ ಕಂಡಿದ್ದರೆ ಎದ್ದು ಜಾಗ ಕೊಡುತ್ತಿದ್ದೆ. ಇದನ್ನು ನಿನಗೆ ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ.

ಅವನ ವಕೀಲ ಮೊದಲು ನಯವಾಗಿ ಕೇಳಿದ. ಎಷ್ಟು ವರ್ಷದಿಂದ ಟೈಪಿಸ್ಟ್, ತಾರೀಖು ಎಷ್ಟು ಸಲ ತಪ್ಪಿದ್ದೀರಿ. ಆಮೇಲೆ, "ನಿಮ್ಮ ದೇಶದಲ್ಲಿ ಗಡಿಯಾರ ಇಲ್ಲವೇ?" ಎಂದ. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು.

"ಇದೆ. ಗಡಿಯಾರ ಗಂಟೆ ಹೇಳುತ್ತದೆ. ನಾಲ್ಕೂವರೆ ಎಂದು ನಾನು ಸರಿಯಾಗಿಯೇ ಬರೆದೆ."

"ನಮ್ಮ ದಾಖಲೆ ಬಂದ ಮೇಲೆ ನಿಮಗೆ ದಿನ ನೆನಪಾಯಿತು."

"ದಾಖಲೆ ಬಂದ ಮೇಲೆ ನನ್ನ ತಪ್ಪು ಗೊತ್ತಾಯಿತು. ಅವರು ಹೇಳಿದ ದಿನವನ್ನು ಬದಲಾಯಿಸಿದವಳು ನಾನು. ಈಗ ವಾಪಸು ಕೊಡಲು ಬಂದಿದ್ದೇನೆ."

ಇನ್ನೊಂದು ವಾಕ್ಯ ಸೇರಿಸಬೇಕೆನ್ನಿಸಿತು. ನೀನು ಬರೆದದ್ದು ನೆನಪಾಗಿ ಸುಮ್ಮನಾದೆ.

ಜಾತಕವನ್ನು ಓದಲು ಕೋರ್ಟಿನವರು ಒಬ್ಬ ವಯಸ್ಸಾದ ಪ್ರೊಫೆಸರನ್ನು ಕರೆಸಿದ್ದರು. ಕನ್ನಡವನ್ನು ನಿಧಾನವಾಗಿ, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದರು. "ಘಟಿ" ಎನ್ನುವುದನ್ನು ನನಗಿಂತ ಶುದ್ಧವಾಗಿ ಹೇಳಿದರು. ಐವತ್ತೈದನ್ನು ಇಪ್ಪತ್ತನಾಲ್ಕರಿಂದ ಗುಣಿಸಿ ಹಲಗೆಯ ಮೇಲೆ ಬರೆದರು. ನ್ಯಾಯಾಧೀಶೆ ಜಾತಕವನ್ನೂ ಜನನ ಪತ್ರವನ್ನೂ ಅಕ್ಕಪಕ್ಕ ಇಟ್ಟುಕೊಂಡು, "ಹಾಗಾದರೆ ಈಕೆ ಯಾವ ದಿನ ಹುಟ್ಟಿದ್ದು?" ಎಂದು ಕೇಳಿದರು. "ಯಾರನ್ನು ಕೇಳುತ್ತೀರಿ ಎನ್ನುವುದರ ಮೇಲೆ ನಿಂತಿದೆ, ಅಮ್ಮನನ್ನೋ ನಗರಸಭೆಯನ್ನೋ," ಎಂದರು ಪ್ರೊಫೆಸರು. ಈ ಸಲ ಎಲ್ಲರೂ ನಕ್ಕರು. ಆರೋಪಿಯ ವಕೀಲ ನಗಲಿಲ್ಲ.

ಪಹರೆಯ ದಾಖಲೆಯಲ್ಲಿ ಬುಧವಾರಕ್ಕೆ ಆರೋಪಿಯ ಹೆಸರಿಲ್ಲ.

ಇಂದು ಜರ್ಟ್ರೂಡ್ ಮಾತಾಡಿದರು. ಎರಡು ಗಂಟೆ. ಮರದ ಜೋಡುಗಳ ವಿಷಯಕ್ಕೆ ಬಂದಾಗ ಕೋಲು ಬಿಟ್ಟು, ಅಣ್ಣ ಹೇಗೆ ಬಗ್ಗಿದ್ದ ಎಂದು ತೋರಿಸಿದರು. ಮುರಿದು ಕೂಡಿಸಿದ ಸೊಂಟ. ಪೀಟರ್ ಹೊರಗೆ ಕೂತಿರಲಿಲ್ಲ, ನನ್ನ ಪಕ್ಕದಲ್ಲೇ ಇದ್ದ. ಏಳಲು ಹೋದ. ಅವರು ಅವನ ಕಡೆ ನೋಡಿದರು, ಕೂತ.

ತೀರ್ಪು ಬೇಸಿಗೆಗೆ. ನಾಳೆ ನಾನು ದೋಹಾಕ್ಕೆ ಹೊರಡುತ್ತೇನೆ. ಟೆಂಡರು ಕಾಯುತ್ತಿದೆ.

ಜಾಹ್ನವಿ


ಅಲ್ ಹಿಲಾಲ್, ದೋಹಾ
16 ಜೂನ್ 1995

ಅಮ್ಮ,

ಏಳು ವರ್ಷ. ಕೊಲೆ ಎಂದೇ ಹೇಳಿದ್ದಾರೆ. ಓಡಿಹೋಗಲು ನೋಡಿದ ಎಂಬ ಹಳೆಯ ವರದಿ ಸುಳ್ಳು ಎಂದು ತೀರ್ಪಿನಲ್ಲಿ ಬರೆದಿದ್ದಾರೆ. ಮೇಲಿನ ಕೋರ್ಟಿಗೆ ಹೋಗುತ್ತಾನಂತೆ. ಹೋಗಲಿ, ನಾನೂ ಮತ್ತೆ ಪರವಾನಗಿ ಕೇಳುತ್ತೇನೆ.

ತೀರ್ಪಿಗೆ ನಾನು ಹೋಗಿರಲಿಲ್ಲ. ತಾಯಿ ಮಗ ಮೊನ್ನೆ ವಾಪಸು ಬಂದರು. ನಿನ್ನೆ ಮದೀನತ್ ಖಲೀಫಾಕ್ಕೆ ಹೋದೆ. ಜರ್ಟ್ರೂಡ್ ಒಳಗೆ ಮಲಗಿದ್ದರು, ನಡೆದದ್ದನ್ನು ಪೀಟರ್ ಹೇಳಿದ. ಮಾತಿನ ನಡುವೆ ಎರಡು ಸಲ ಎದ್ದು ಹೋಗಿ ನೀರು ಕುಡಿದು ಬಂದ.

ಅಲ್ಲಿನ ಕಾನೂನಿನಂತೆ ತೀರ್ಪಿಗೆ ಮುಂಚೆ ಸತ್ತವನ ಮನೆಯವರಿಗೆ ಮಾತಾಡಲು ಅವಕಾಶವಿದೆ. ಜರ್ಟ್ರೂಡ್ ಎದ್ದು ನಿಂತು ಆರೋಪಿಯ ಕಡೆ ತಿರುಗಿ, ತಮ್ಮ ಭಾಷೆಯಲ್ಲಿ ಶುರು ಮಾಡಿದರು. ಅದು ಅವನ ಭಾಷೆಯೂ ಹೌದು. ಮೊದಲ ವಾಕ್ಯ ಮುಗಿಯುವಷ್ಟರಲ್ಲಿ ಅವನು ಕಿವಿಯ ಯಂತ್ರವನ್ನು ಕಳಚಿ ಮೇಜಿನ ಮೇಲಿಟ್ಟ.

ಜರ್ಟ್ರೂಡ್ ಮಾತು ನಿಲ್ಲಿಸಿದರು.

"ಮುಂದುವರಿಸಿ. ನಮಗೆ ಕೇಳಿಸುತ್ತಿದೆ," ಎಂದರು ನ್ಯಾಯಾಧೀಶೆ.

"ನಾನು ನಿಮಗೆ ಹೇಳುತ್ತಿಲ್ಲ," ಎಂದರು ಜರ್ಟ್ರೂಡ್.

ಕೂತುಕೊಳ್ಳಿ ಎಂದು ಯಾರೋ ಕುರ್ಚಿ ತಂದರು. ಕೂರಲಿಲ್ಲ. ಕೋಲಿನ ಮೇಲೆ ಎರಡೂ ಕೈ ಇಟ್ಟು ಅವನನ್ನೇ ನೋಡುತ್ತಾ ನಿಂತಿದ್ದರಂತೆ. ಪೀಟರಿಗೆ ಅಮ್ಮ ಬಿದ್ದುಬಿಡುತ್ತಾಳೆ ಎನ್ನಿಸಿತಂತೆ, ಆದರೆ ಈ ಸಲ ಅವನು ಏಳಲಿಲ್ಲ. ಕೊನೆಗೆ ಆರೋಪಿಯ ವಕೀಲನೇ ಅವನ ತೋಳು ಮುಟ್ಟಿ ಏನೋ ಹೇಳಿದ. ಮುದುಕ ಯಂತ್ರವನ್ನು ತೆಗೆದುಕೊಂಡು ಕಿವಿಗೆ ಹಾಕಿಕೊಂಡ.

ಸರಿಯಾಗಿ ಕೂತಿತೇ ಎಂದು ಜರ್ಟ್ರೂಡ್ ಕೇಳಿದರು. ಅವನು ತಲೆಯಾಡಿಸಿದ.

ಆಮೇಲೆ ಅವರು ಮತ್ತೆ ಮೊದಲಿನಿಂದ ಶುರು ಮಾಡಿದರು. "ನನ್ನ ಅಣ್ಣನ ಹೆಸರು ಬೌಕೆ. ಅವನು ಓಡಲಿಲ್ಲ."

ಜಾಹ್ನವಿ